ಡೇರೆಯಲ್ಲಿ ಹುಟ್ಟಿ ದಿವಾಳಿಯಲ್ಲಿ ಮುಗಿದ ಮಳಿಗೆ ಸರಣಿ: 'ಜಿ.ಐ. ಜೋಸ್' ಕಲಿಸುವ ಲೆಕ್ಕ

ವಾಣಿಜ್ಯ ಪ್ರಪಂಚದಲ್ಲಿ ಏಳಿಗೆಯ ಕಥೆಗಳನ್ನು ಹೇಳುವವರು ಬಹಳ. ಮುಚ್ಚಿಹೋದ ಅಂಗಡಿಯ ಕಥೆಯನ್ನು ಹೇಳುವವರು ಮಾತ್ರ ವಿರಳ. ಅಲ್ಲಿ ಉಳಿಯುವುದು ನ್ಯಾಯಾಲಯದ ಕಡತ ಮತ್ತು ಸಾಲಿಗರ ಉದ್ದನೆಯ ಪಟ್ಟಿ. ಆದರೆ ವ್ಯಾಪಾರಿಗೆ ನಿಜವಾಗಿ ಪ್ರಯೋಜನಕ್ಕೆ ಬರುವ ಪಾಠಗಳು ಹೆಚ್ಚಾಗಿ ದೊರೆಯುವುದು ಈ ಎರಡನೆಯ ಬಗೆಯ ಕಥೆಗಳಲ್ಲಿಯೇ. ಅಮೆರಿಕದ ವಾಯವ್ಯ ಭಾಗದಲ್ಲಿ 57 ವರ್ಷಗಳ ಕಾಲ ಬಾಳಿ, 2009ರಲ್ಲಿ ಕೆಲವೇ ವಾರಗಳಲ್ಲಿ ಕಣ್ಮರೆಯಾದ 'ಜಿ.ಐ. ಜೋಸ್' ಎಂಬ ಚಿಲ್ಲರೆ ಮಾರಾಟ ಸರಣಿಯ ಏಳುಬೀಳುಗಳನ್ನು ಲೆಕ್ಕಪತ್ರದ ದೃಷ್ಟಿಯಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ. ವಿದೇಶಗಳಿಗೆ ಸರಕು ಕಳುಹಿಸುವ ನಮ್ಮ ಸದಸ್ಯರಿಗೂ, ಎರಡನೆಯ ಮೂರನೆಯ ಶಾಖೆ ತೆರೆಯುವ ಉತ್ಸಾಹದಲ್ಲಿರುವ ವರ್ತಕರಿಗೂ ಇದರಲ್ಲಿ ಯೋಚಿಸಬೇಕಾದ ಅಂಶಗಳಿವೆ.

ಯುದ್ಧ ಉಳಿಸಿಹೋದ ಸರಕು

ಎರಡನೆಯ ಮಹಾಯುದ್ಧ ಮುಗಿದಾಗ ಅಮೆರಿಕ ಸರ್ಕಾರದ ಉಗ್ರಾಣಗಳಲ್ಲಿ ಬಟ್ಟೆ, ಬೂಟು, ಡೇರೆ, ಕಂಬಳಿ, ಉಪಕರಣಗಳ ರಾಶಿಯೇ ಉಳಿದಿತ್ತು. ಇದನ್ನು ವಿಲೇವಾರಿ ಮಾಡಲು ಅಲ್ಲಿನ ಸಂಸತ್ತು 1944ರಲ್ಲಿಯೇ ಹೆಚ್ಚುವರಿ ಆಸ್ತಿ ಕಾಯ್ದೆಯನ್ನು ಅಂಗೀಕರಿಸಿತ್ತು. 1946ರಿಂದ ಈ ಕೆಲಸಕ್ಕಾಗಿ ಪ್ರತ್ಯೇಕ ಸರ್ಕಾರಿ ಸಂಸ್ಥೆಯೊಂದು ಕಾರ್ಯನಿರ್ವಹಿಸಿತು. ಹರಾಜಿನಲ್ಲಿ ಸಗಟಾಗಿ ಕೊಂಡು ಚಿಲ್ಲರೆಯಾಗಿ ಮಾರುವ 'ಆರ್ಮಿ ನೇವಿ' ಅಂಗಡಿಗಳು ಅಮೆರಿಕದ ಊರೂರುಗಳಲ್ಲಿ ತಲೆಯೆತ್ತಿದ್ದು ಈ ಹಿನ್ನೆಲೆಯಲ್ಲಿ.

ಯುದ್ಧದಲ್ಲಿ ಸೇವೆ ಸಲ್ಲಿಸಿ ಹಿಂದಿರುಗಿದ್ದ ಎಡ್ವರ್ಡ್ ಆರ್ಕ್ನಿ ಎಂಬವರು 1952ರಲ್ಲಿ ಆರೆಗನ್ ರಾಜ್ಯದ ಪೋರ್ಟ್‌ಲ್ಯಾಂಡ್ ನಗರದಲ್ಲಿ ಸೈನ್ಯದ ಮಲಗುವ ಚೀಲಗಳನ್ನು ಕೊಂಡು, ಒಂದು ಡೇರೆಯ ಕೆಳಗೆ ಮಾರಾಟಕ್ಕಿಟ್ಟರು. ಕಟ್ಟಡವಿಲ್ಲ, ಅಲಂಕಾರವಿಲ್ಲ, ಬಾಡಿಗೆಯ ಹೊರೆಯೂ ಅತ್ಯಲ್ಪ. ಸಾಮಾನ್ಯ ಸೈನಿಕನನ್ನು ಅಲ್ಲಿನ ಆಡುಮಾತಿನಲ್ಲಿ ಕರೆಯುತ್ತಿದ್ದ ಹೆಸರೇ ಅಂಗಡಿಯ ಹೆಸರಾಯಿತು.

ಈ ವ್ಯಾಪಾರದ ಅರ್ಥಶಾಸ್ತ್ರ ಗಮನಾರ್ಹ. ಸರ್ಪ್ಲಸ್ ಸರಕಿನ ಖರೀದಿ ಬೆಲೆಗೂ ಅದರ ತಯಾರಿಕಾ ವೆಚ್ಚಕ್ಕೂ ಸಂಬಂಧವೇ ಇರುವುದಿಲ್ಲ. ಮಾರುವವನಿಗೆ ಗೋದಾಮು ಖಾಲಿಯಾದರೆ ಸಾಕು. ಆದ್ದರಿಂದ ಕೊಳ್ಳುವವನಿಗೆ ಲಾಭದ ಅಂತರ ದೊಡ್ಡದು. ಆದರೆ ಎರಡು ಮಿತಿಗಳಿವೆ. ಮೊದಲನೆಯದಾಗಿ, ಹರಾಜಿನಲ್ಲಿ ಕೈಗಡವಿಲ್ಲ. ನಗದು ಕೊಟ್ಟು ಸರಕು ಎತ್ತಬೇಕು. ಎರಡನೆಯದಾಗಿ, ಮುಗಿದ ಸರಕಿಗೆ ಮರು ಆರ್ಡರ್ ಕೊಡುವಂತಿಲ್ಲ. ಪ್ರತಿಯೊಂದು ಲಾಟು ತಾನೇ ಒಂದು ಪ್ರತ್ಯೇಕ ವ್ಯಾಪಾರ. ನಗದಿನಲ್ಲಿ ಕೊಂಡು, ಬೇಗ ಮಾರಿ, ಬಂದ ಹಣದಲ್ಲಿಯೇ ಮುಂದಿನ ಲಾಟು ಕೊಳ್ಳುವ ಈ ಶಿಸ್ತು ಆರಂಭದ ದಿನಗಳಲ್ಲಿ ಇಂಥ ಅಂಗಡಿಗಳನ್ನು ಸಾಲದ ಬಲೆಯಿಂದ ತಾನಾಗಿಯೇ ದೂರವಿಟ್ಟಿತ್ತು.

ಸರ್ಪ್ಲಸ್‌ನಿಂದ ಹೊರಾಂಗಣ ಸಾಮಗ್ರಿಯ ಕಡೆಗೆ

ಯುದ್ಧದ ಸರಕು ಎಂದಾದರೊಂದು ದಿನ ಬರಿದಾಗಲೇಬೇಕಿತ್ತು. ಅಷ್ಟರಲ್ಲಿ ಗ್ರಾಹಕ ರೂಢಿಯಾಗಿದ್ದ. ಆರೆಗನ್ ಮತ್ತು ವಾಷಿಂಗ್ಟನ್ ರಾಜ್ಯಗಳ ಜನಜೀವನವೇ ಇದಕ್ಕೆ ಅನುಕೂಲಕರ. ಕೊಲಂಬಿಯಾ ನದಿಯಲ್ಲಿ ಸಾಲ್ಮನ್ ಮೀನು, ಮೌಂಟ್ ಹುಡ್ ಪರ್ವತದಲ್ಲಿ ಹಿಮಜಾರಾಟ, ಶರತ್ಕಾಲದಲ್ಲಿ ಬೇಟೆ, ವರ್ಷದ ಬಹುಭಾಗ ಮಳೆ. ಹೀಗಾಗಿ ಡೇರೆ, ಗಾಳ, ಮಳೆಯಂಗಿ, ಕ್ರೀಡಾ ಸಾಮಗ್ರಿ, ಜೊತೆಗೆ ವಾಹನಗಳ ಬಿಡಿಭಾಗ ಎಲ್ಲವೂ ಒಂದೇ ಸೂರಿನಡಿ ದೊರೆಯುವ ಅಂಗಡಿಯಾಗಿ ಜಿ.ಐ. ಜೋಸ್ ಬೆಳೆಯಿತು. 1976ರಲ್ಲಿ ಸಂಸ್ಥಾಪಕರು ನಿಧನರಾದ ನಂತರ ಪುತ್ರ ಡೇವಿಡ್ ಆರ್ಕ್ನಿ ಆಡಳಿತ ವಹಿಸಿಕೊಂಡರು. 1990ರ ದಶಕದ ಕೊನೆಯಲ್ಲಿ ನಾರ್ಮ್ ಡೇನಿಯಲ್ಸ್ ನೇತೃತ್ವದ ಆಡಳಿತ ವರ್ಗವೇ ಸಂಸ್ಥೆಯ ಒಡೆತನವನ್ನು ಪಡೆಯಿತು.

ಹೊರಗಿನಿಂದ ನೋಡಿದವರಿಗೆ ಇದು ಸಹಜ ಬೆಳವಣಿಗೆ. ಆಸ್ತಿ-ಹೊಣೆ ಪಟ್ಟಿಯನ್ನು ಓದುವವರಿಗೆ ಮಾತ್ರ ವ್ಯಾಪಾರದ ಸ್ವರೂಪವೇ ಬದಲಾದದ್ದು ಕಾಣಿಸುತ್ತದೆ. ಹೊಸ ಸರಕು ಮಾರುವ ಅಂಗಡಿಯು ಹಿಮಜಾರಾಟದ ಋತುವಿಗೆ ಬೇಕಾದ ಸಾಮಗ್ರಿಗೆ ಹಲವು ತಿಂಗಳು ಮೊದಲೇ ಆರ್ಡರ್ ಕೊಡಬೇಕು. ಆ ವರ್ಷ ಹಿಮ ಬೀಳದಿದ್ದರೆ ದಾಸ್ತಾನು ಹಾಗೆಯೇ ಉಳಿಯುತ್ತದೆ. ಅದೇ ಬ್ರಾಂಡ್ ಎದುರಿನ ಅಂಗಡಿಯಲ್ಲಿಯೂ ಇರುವುದರಿಂದ ಬೆಲೆ ನಿಗದಿಯ ಸ್ವಾತಂತ್ರ್ಯವಿಲ್ಲ. ಮಳಿಗೆಗಳು ದೊಡ್ಡವಾಗಿ, ದೀರ್ಘಾವಧಿಯ ಬಾಡಿಗೆ ಕರಾರುಗಳು ಹೆಗಲೇರುತ್ತವೆ. ಒಟ್ಟಿನಲ್ಲಿ, ದೊಡ್ಡ ಅಂತರ ಹಾಗೂ ಅಲ್ಪ ಸ್ಥಿರ ವೆಚ್ಚದ ವ್ಯಾಪಾರವು ಸಣ್ಣ ಅಂತರ ಹಾಗೂ ಭಾರೀ ಸ್ಥಿರ ವೆಚ್ಚದ ವ್ಯಾಪಾರವಾಗಿ ಮಾರ್ಪಟ್ಟಿತು. ಇದು ತಪ್ಪಲ್ಲ, ಬೇರೆ ದಾರಿಯೂ ಇರಲಿಲ್ಲ. ಆದರೆ ಇಂಥ ವ್ಯಾಪಾರಕ್ಕೆ ಸಾಲ ಹೊರುವ ಶಕ್ತಿ ತೀರಾ ಕಡಿಮೆ ಎಂಬುದನ್ನು ಮರೆಯಬಾರದು.

2007: ಹೊಸ ಮಾಲೀಕರು, ಹೊಸ ಹೆಸರು

2007ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಗ್ರಿಫನ್ ಇನ್ವೆಸ್ಟರ್ಸ್ ಎಂಬ ಖಾಸಗಿ ಹೂಡಿಕೆ ಸಂಸ್ಥೆ ಸರಣಿಯನ್ನು ಖರೀದಿಸಿತು. ಅದೇ ವರ್ಷ ಹೆಸರು 'ಜೋಸ್ ಸ್ಪೋರ್ಟ್ಸ್, ಔಟ್‌ಡೋರ್ ಅಂಡ್ ಮೋರ್' ಎಂದು ಬದಲಾಯಿತು. ಸೈನಿಕನ ನೆನಪು ತರುವ ಎರಡು ಅಕ್ಷರಗಳು ಫಲಕದಿಂದ ಕೆಳಗಿಳಿದವು. ವಾಯವ್ಯ ಅಮೆರಿಕದಲ್ಲಿ ಮತ್ತಷ್ಟು ಮಳಿಗೆಗಳನ್ನು ತೆರೆಯುವ ಉದ್ದೇಶವಿತ್ತು.

ಐವತ್ತೈದು ವರ್ಷಗಳ ಹೆಸರಿಗೆ ಆಸ್ತಿ-ಹೊಣೆ ಪಟ್ಟಿಯಲ್ಲಿ ಬೆಲೆ ಬರೆದಿರುವುದಿಲ್ಲ. ತಾನೇ ಗಳಿಸಿದ ಕೀರ್ತಿಮೌಲ್ಯವನ್ನು ಆಸ್ತಿಯೆಂದು ತೋರಿಸಲು ಲೆಕ್ಕಶಾಸ್ತ್ರದ ಮಾನದಂಡಗಳು ಒಪ್ಪುವುದೂ ಇಲ್ಲ. ಹಾಗೆಂದು ಅದಕ್ಕೆ ಬೆಲೆಯೇ ಇಲ್ಲವೆಂದು ಅರ್ಥವಲ್ಲ. ರಾಷ್ಟ್ರವ್ಯಾಪಿ ದೊಡ್ಡ ಸರಣಿಗಳ ನಡುವೆ ಒಂದು ಪ್ರಾದೇಶಿಕ ಅಂಗಡಿಗೆ ಇರುವ ಬಲವೆಂದರೆ 'ಇದು ನಮ್ಮೂರಿನದು' ಎಂಬ ಗ್ರಾಹಕರ ಭಾವನೆ. ಆ ಭಾವನೆಯನ್ನು ಹೊತ್ತ ಹೆಸರನ್ನು ಬದಲಿಸುವಾಗ ಖರ್ಚಿನ ಕಲಮಿನಲ್ಲಿ ಕಾಣುವುದು ಹೊಸ ಫಲಕದ ವೆಚ್ಚ ಮಾತ್ರ.

ಕಾಲವೂ ಪ್ರತಿಕೂಲವಾಗಿತ್ತು. ಅಮೆರಿಕದ ಆರ್ಥಿಕ ಹಿಂಜರಿತ ಅಧಿಕೃತವಾಗಿ ಆರಂಭವಾದದ್ದು 2007ರ ಡಿಸೆಂಬರ್‌ನಲ್ಲಿ. 2009ರಲ್ಲಿ ಆರೆಗನ್ ರಾಜ್ಯದ ನಿರುದ್ಯೋಗ ಪ್ರಮಾಣ ಶೇಕಡಾ 11ನ್ನು ಮೀರಿತು. ಕೆಲಸದ ಚಿಂತೆಯಲ್ಲಿರುವ ಕುಟುಂಬ ಹಳೆಯ ಡೇರೆಯಲ್ಲಿಯೇ ಇನ್ನೊಂದು ಬೇಸಿಗೆ ಕಳೆಯುತ್ತದೆ, ಹೊಸದನ್ನು ಕೊಳ್ಳುವುದಿಲ್ಲ.

ಹಾಸಿಗೆಯ ಅಳತೆ

'ಹಾಸಿಗೆ ಇದ್ದಷ್ಟು ಕಾಲು ಚಾಚು' ಎಂಬ ನಮ್ಮ ಗಾದೆಯನ್ನು ಅಂಕಿಗಳಲ್ಲಿ ನೋಡೋಣ. ಇಲ್ಲಿರುವುದು ಯಾವುದೇ ನಿರ್ದಿಷ್ಟ ಸಂಸ್ಥೆಯ ಲೆಕ್ಕವಲ್ಲ, ಕೇವಲ ಉದಾಹರಣೆ.

ಒಂದು ಮಳಿಗೆ ಸರಣಿಯ ವಾರ್ಷಿಕ ಮಾರಾಟ 100 ಕೋಟಿ ರೂಪಾಯಿ. ಸರಕಿನ ವೆಚ್ಚ ಕಳೆದು ಉಳಿಯುವ ಸ್ಥೂಲ ಲಾಭ 35 ಕೋಟಿ. ಸಂಬಳ, ಬಾಡಿಗೆ ಹಾಗೂ ಇತರ ವೆಚ್ಚಗಳು 29 ಕೋಟಿ. ಬಡ್ಡಿ ಮತ್ತು ಸವಕಳಿಗೆ ಮೊದಲು ಉಳಿಯುವುದು 6 ಕೋಟಿ. ಸಾಲವಿಲ್ಲದ ಸಂಸ್ಥೆಗೆ ಇದು ಆರೋಗ್ಯಕರ ಸ್ಥಿತಿ.

ಈಗ ಹೂಡಿಕೆದಾರರೊಬ್ಬರು ಈ ಗಳಿಕೆಯ ಏಳು ಪಟ್ಟು, ಅಂದರೆ 42 ಕೋಟಿಗೆ ಸಂಸ್ಥೆಯನ್ನು ಕೊಳ್ಳುತ್ತಾರೆ. ತಮ್ಮ ಸ್ವಂತ ಹಣ 12 ಕೋಟಿ. ಉಳಿದ 30 ಕೋಟಿ ಸಾಲ. ಸಾಲ ತೀರಿಸುವ ಹೊಣೆ ಮಾತ್ರ ಕೊಂಡವರದಲ್ಲ, ಕೊಳ್ಳಲ್ಪಟ್ಟ ಸಂಸ್ಥೆಯದು. ಶೇಕಡಾ 10ರಂತೆ ಬಡ್ಡಿ 3 ಕೋಟಿ. ಉಳಿದ 3 ಕೋಟಿಯಲ್ಲಿ ಮಳಿಗೆಗಳ ದುರಸ್ತಿ, ತೆರಿಗೆ, ಸಾಲದ ಅಸಲು ಎಲ್ಲವೂ ಆಗಬೇಕು. ಮಾರಾಟ ಶೇಕಡಾ 10 ಕುಸಿದು, ಸರಕು ಖಾಲಿ ಮಾಡಲು ರಿಯಾಯಿತಿ ಕೊಟ್ಟು ಸ್ಥೂಲ ಲಾಭ ಶೇಕಡಾ 33ಕ್ಕೆ ಇಳಿಯಿತೆಂದುಕೊಳ್ಳೋಣ. 90 ಕೋಟಿಯ ಮಾರಾಟದಲ್ಲಿ ಸ್ಥೂಲ ಲಾಭ 29.70 ಕೋಟಿ. ವೆಚ್ಚವನ್ನು 28 ಕೋಟಿಗೆ ಇಳಿಸಿದರೂ ಉಳಿಯುವುದು 1.70 ಕೋಟಿ. ಸಾಲವಿಲ್ಲದ ಸಂಸ್ಥೆ ಅಂಥ ವರ್ಷವನ್ನು ಬಿಗಿಯಾಗಿ ಆದರೂ ದಾಟುತ್ತದೆ. 3 ಕೋಟಿ ಬಡ್ಡಿ ಕಟ್ಟಬೇಕಾದ ಸಂಸ್ಥೆ ಮುಳುಗುತ್ತದೆ. ವ್ಯಾಪಾರ ಎರಡರದೂ ಒಂದೇ, ಗ್ರಾಹಕರೂ ಅವರೇ.

ಡ್ರಾಯಿಂಗ್ ಪವರ್ ಎಂಬ ಕತ್ತಿ

ಬ್ಯಾಂಕಿಗೆ ತಿಂಗಳು ತಿಂಗಳು ಸ್ಟಾಕ್ ಸ್ಟೇಟ್‌ಮೆಂಟ್ ಕೊಡುವ ನಮ್ಮ ಸದಸ್ಯರಿಗೆ ಡ್ರಾಯಿಂಗ್ ಪವರ್ ಎಂಬ ಪದ ಪರಿಚಿತ. ಅಮೆರಿಕದ ಚಿಲ್ಲರೆ ಸರಣಿಗಳೂ ಇದೇ ಬಗೆಯ ದುಡಿಮೆ ಬಂಡವಾಳದ ಸಾಲದ ಮೇಲೆ ನಡೆಯುತ್ತವೆ. ಅಲ್ಲಿ ಮಿತಿ ನಿರ್ಧಾರವಾಗುವುದು ಬಹುಮಟ್ಟಿಗೆ 'ಇಂದೇ ಅಂಗಡಿ ಮುಚ್ಚಿ ಸರಕು ಹರಾಜು ಹಾಕಿದರೆ ಎಷ್ಟು ಬಂದೀತು' ಎಂಬ ಅಂದಾಜಿನ ಮೇಲೆ. 20 ಕೋಟಿ ಅಸಲಿನ ದಾಸ್ತಾನು ಹರಾಜಿನಲ್ಲಿ 16 ಕೋಟಿ ತರಬಹುದೆಂದು ಅಂದಾಜಾದರೆ, ಅದರ ಶೇಕಡಾ 85ರಂತೆ 13.60 ಕೋಟಿ ಸಾಲ ದೊರೆಯುತ್ತದೆ. ಮಾರುಕಟ್ಟೆ ಕುಸಿದು ಅಂದಾಜು 13 ಕೋಟಿಗೆ ಇಳಿದರೆ ಮಿತಿ 11.05 ಕೋಟಿ. ಒಂದು ಪೆಟ್ಟಿಗೆ ಸರಕೂ ಕಡಿಮೆಯಾಗದೆ 2.55 ಕೋಟಿ ಕೂಡಲೇ ಮರುಪಾವತಿಗೆ ಬರುತ್ತದೆ.

2008ರ ಕೊನೆಯಲ್ಲಿ ಆದದ್ದು ಇದೇ. ಶಾರ್ಪರ್ ಇಮೇಜ್, ಲಿನನ್ಸ್ ಎನ್ ಥಿಂಗ್ಸ್, ಮರ್ವಿನ್ಸ್, ಸರ್ಕಿಟ್ ಸಿಟಿ ಮುಂತಾದ ಸರಣಿಗಳು ಅದೇ ವರ್ಷ ದಿವಾಳಿ ಅರ್ಜಿ ಸಲ್ಲಿಸಿದ್ದವು. ಹರಾಜಿನ ಸರಕು ಎಲ್ಲೆಡೆ ತುಂಬಿದಾಗ ಹರಾಜಿನ ಬೆಲೆ ಬೀಳುತ್ತದೆ. ಸಾಲದ ಮಿತಿಯೂ ಬೀಳುತ್ತದೆ. ಸುದ್ದಿ ಹರಡಿದೊಡನೆ ಸರಬರಾಜುದಾರರು ಉದ್ದರಿ ನಿಲ್ಲಿಸಿ ಮುಂಗಡ ಕೇಳುತ್ತಾರೆ. ಸರಕಿಲ್ಲದ ಕಪಾಟು ಕಂಡ ಗ್ರಾಹಕ ಬೇರೆಡೆ ಹೋಗುತ್ತಾನೆ. ಈ ಸುಳಿಯಲ್ಲಿ ಸಿಲುಕಿದ ಅಂಗಡಿ ಹೊರಬರುವುದು ವಿರಳ.

2009ರ ಮಾರ್ಚ್ ಮತ್ತು ಏಪ್ರಿಲ್

2009ರ ಮಾರ್ಚ್ ಆರಂಭದಲ್ಲಿ ಜೋಸ್ ಸಂಸ್ಥೆ ಡೆಲವೇರ್‌ನ ದಿವಾಳಿ ನ್ಯಾಯಾಲಯದಲ್ಲಿ ಅಧ್ಯಾಯ 11ರ ಅಡಿ ರಕ್ಷಣೆ ಕೋರಿತು. ಆಗ ಆರೆಗನ್, ವಾಷಿಂಗ್ಟನ್ ಮತ್ತು ಐಡಹೊ ರಾಜ್ಯಗಳಲ್ಲಿ ಅದಕ್ಕೆ 31 ಮಳಿಗೆಗಳಿದ್ದವು; ನೌಕರರು ಸುಮಾರು 1,600. ಅಂಗಡಿಯನ್ನು ನಡೆಸಿಕೊಂಡು ಹೋಗುವ ಖರೀದಿದಾರ ದೊರೆಯಲಿಲ್ಲ. ಏಪ್ರಿಲ್‌ನಲ್ಲಿ ಸರಕು ದಾಸ್ತಾನು ಖಾಲಿ ಮಾಡುವ ವೃತ್ತಿಯ ಸಂಸ್ಥೆಗಳ ಕೈಸೇರಿ, ಎಲ್ಲ ಮಳಿಗೆಗಳಲ್ಲಿಯೂ 'ಅಂಗಡಿ ಮುಚ್ಚುತ್ತಿದೆ' ಎಂಬ ಮಾರಾಟ ಆರಂಭವಾಯಿತು. ಮುಂದೆ ಕೆಲವು ಮಳಿಗೆಗಳ ಜಾಗ ಪ್ರತಿಸ್ಪರ್ಧಿ ಡಿಕ್ಸ್ ಸ್ಪೋರ್ಟಿಂಗ್ ಗೂಡ್ಸ್ ಪಾಲಾಯಿತು.

ಇಷ್ಟು ಬೇಗ ಏಕೆ? ಅಧ್ಯಾಯ 11 ಇರುವುದೇ ಪುನಶ್ಚೇತನಕ್ಕಾಗಿ ಅಲ್ಲವೇ ಎಂಬ ಪ್ರಶ್ನೆ ಸಹಜ. ಉತ್ತರದ ಒಂದು ಭಾಗ 2005ರಲ್ಲಿ ಅಮೆರಿಕದ ದಿವಾಳಿ ಕಾನೂನಿಗೆ ಆದ ತಿದ್ದುಪಡಿಯಲ್ಲಿದೆ. ಅದಕ್ಕೆ ಮೊದಲು ಯಾವ ಮಳಿಗೆಯ ಬಾಡಿಗೆ ಕರಾರನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕೆಂದು ನಿರ್ಧರಿಸುವ ಅವಧಿಯನ್ನು ನ್ಯಾಯಾಲಯ ಮತ್ತೆ ಮತ್ತೆ ವಿಸ್ತರಿಸಬಹುದಿತ್ತು. ತಿದ್ದುಪಡಿಯ ನಂತರ 120 ದಿನ, ಮೇಲೆ 90 ದಿನ, ಒಟ್ಟು 210 ದಿನಗಳ ಮಿತಿ ಬಿತ್ತು. ಅದಕ್ಕೂ ಮೀರಿ ವಿಸ್ತರಿಸಲು ಆಯಾ ಕಟ್ಟಡದ ಮಾಲೀಕರ ಒಪ್ಪಿಗೆ ಬೇಕು. ಮುಚ್ಚುವ ಮಾರಾಟಕ್ಕೇ ಎರಡು ಮೂರು ತಿಂಗಳು ಹಿಡಿಯುವುದರಿಂದ, ಸಾಲ ಕೊಟ್ಟ ಬ್ಯಾಂಕುಗಳು ಮೊದಲ ವಾರಗಳಲ್ಲಿಯೇ 'ಖರೀದಿದಾರನನ್ನು ತನ್ನಿ, ಇಲ್ಲವೇ ಮುಚ್ಚಿ' ಎಂದು ಒತ್ತಾಯಿಸತೊಡಗಿದವು.

ಸಾಲಿನಲ್ಲಿ ಯಾರು ಮೊದಲು

ದಿವಾಳಿಯಾದ ಅಂಗಡಿಯ ಹಣ ಹಂಚಿಕೆಯಲ್ಲಿ ಅಡವು ಹೊಂದಿದ ಸಾಲಿಗರು ಮೊದಲು. ಅಮೆರಿಕದ ಕಾನೂನಿನಲ್ಲಿ ನೌಕರರ ಹಿಂದಿನ 180 ದಿನಗಳ ಸಂಬಳಕ್ಕೆ ಒಂದು ಮಿತಿಯವರೆಗೆ ಆದ್ಯತೆ ಇದೆ. 2009ರ ಮಾರ್ಚ್‌ನಲ್ಲಿ ಆ ಮಿತಿ ತಲಾ 10,950 ಡಾಲರ್ ಆಗಿತ್ತು. ಅಡವಿಲ್ಲದ ಸರಬರಾಜುದಾರರು ಸಾಲಿನ ಕೊನೆಯಲ್ಲಿ ನಿಲ್ಲಬೇಕು. ಒಂದೇ ಸಮಾಧಾನವೆಂದರೆ, ಅರ್ಜಿಗೆ ಮೊದಲಿನ 20 ದಿನಗಳಲ್ಲಿ ಅಂಗಡಿ ಸ್ವೀಕರಿಸಿದ ಸರಕಿನ ಬೆಲೆಗೆ 2005ರ ತಿದ್ದುಪಡಿ ವಿಶೇಷ ಆದ್ಯತೆ ನೀಡಿದೆ.

ಬೆಂಗಳೂರಿನಿಂದ ಸಿದ್ಧ ಉಡುಪುಗಳನ್ನು ಅಮೆರಿಕಕ್ಕೆ ಕಳುಹಿಸುವವರಿಗೆ ಈ 'ಸ್ವೀಕರಿಸಿದ' ಎಂಬ ಪದ ಬಹು ಮುಖ್ಯ. ಎಫ್.ಓ.ಬಿ. ಕರಾರಿನಲ್ಲಿ ಸರಕು ಹಡಗೇರಿದ ಕೂಡಲೇ ನಷ್ಟಭಯ ಕೊಂಡವನಿಗೆ ವರ್ಗಾವಣೆಯಾಗುತ್ತದೆ. ಹಾಗಾದರೆ ಸ್ವೀಕೃತಿಯೂ ಅಂದೇ ಆಯಿತೇ? ಡೆಲವೇರ್ ಒಳಗೊಂಡ ಮೂರನೆಯ ವೃತ್ತದ ಮೇಲ್ಮನವಿ ನ್ಯಾಯಾಲಯ 2017ರಲ್ಲಿ ವರ್ಲ್ಡ್ ಇಂಪೋರ್ಟ್ಸ್ ಪ್ರಕರಣದಲ್ಲಿ ಇದಕ್ಕೆ 'ಇಲ್ಲ' ಎಂದು ಉತ್ತರಿಸಿತು. ಕೊಂಡವನು ಅಥವಾ ಅವನ ಪ್ರತಿನಿಧಿ ಸರಕನ್ನು ಭೌತಿಕವಾಗಿ ವಶಕ್ಕೆ ಪಡೆದ ದಿನವೇ ಸ್ವೀಕೃತಿಯ ದಿನ ಎಂಬುದು ತೀರ್ಪು. ಸಮುದ್ರದ ಮೇಲೆ ವಾರಗಟ್ಟಲೆ ಕಳೆಯುವ ಸರಕಿನ ರಫ್ತುದಾರರಿಗೆ ಇದು ಅಮೂಲ್ಯ ರಕ್ಷಣೆ.

ನಮ್ಮ 2016ರ ದಿವಾಳಿ ಸಂಹಿತೆಯ 53ನೇ ಕಲಮಿನ ಅನುಕ್ರಮವೂ ಭಿನ್ನವಲ್ಲ. ಪ್ರಕ್ರಿಯೆಯ ವೆಚ್ಚ ಮೊದಲು. ಬಳಿಕ ಕಾರ್ಮಿಕರ 24 ತಿಂಗಳ ಬಾಕಿ ಹಾಗೂ ಅಡವನ್ನು ಬಿಟ್ಟುಕೊಟ್ಟ ಸಾಲಿಗರು ಸಮಾನವಾಗಿ. ನಂತರ ಇತರ ನೌಕರರ 12 ತಿಂಗಳ ಬಾಕಿ. ಹೀಗೆ ಸಾಗಿ, ಸರಕು ಕೊಟ್ಟ ವರ್ತಕನ ಸರದಿ 'ಉಳಿದ ಬಾಕಿಗಳು' ಎಂಬ ಗುಂಪಿನಲ್ಲಿ, ಷೇರುದಾರರಿಗಿಂತ ಸ್ವಲ್ಪವೇ ಮುಂದೆ.

ಅದೇ ದಾರಿಯ ಪಯಣಿಗರು

ಜೋಸ್ ಒಂಟಿ ಉದಾಹರಣೆಯಲ್ಲ. 2006ರಲ್ಲಿ ಸುಮಾರು 130 ಕೋಟಿ ಡಾಲರ್‌ಗೆ ಸಾಲದ ಬಲದಿಂದ ಖರೀದಿಯಾದ ಸ್ಪೋರ್ಟ್ಸ್ ಅಥಾರಿಟಿ 2016ರ ಮಾರ್ಚ್‌ನಲ್ಲಿ 100 ಕೋಟಿ ಡಾಲರ್‌ಗೂ ಮಿಕ್ಕಿದ ಸಾಲದೊಂದಿಗೆ ದಿವಾಳಿ ಅರ್ಜಿ ಸಲ್ಲಿಸಿ ಮುಚ್ಚಿತು. ಅಲ್ಲಿ 'ಕನ್ಸೈನ್‌ಮೆಂಟ್' ಮೇಲೆ ಸರಕು ಇಟ್ಟಿದ್ದ ನೂರಕ್ಕೂ ಹೆಚ್ಚು ಸರಬರಾಜುದಾರರು, ತಮ್ಮ ಹಕ್ಕನ್ನು ವಿಧಿಪೂರ್ವಕ ನೋಂದಾಯಿಸಿಲ್ಲವೆಂಬ ಆಕ್ಷೇಪಣೆಯ ದಾವೆಗಳನ್ನು ಎದುರಿಸಬೇಕಾಯಿತು. ಬೇಟೆ ಮತ್ತು ಮೀನುಗಾರಿಕೆ ಸಾಮಗ್ರಿಗಳ ಗ್ಯಾಂಡರ್ ಮೌಂಟನ್ 1996ರಲ್ಲೊಮ್ಮೆ, 2017ರಲ್ಲಿ ಮತ್ತೊಮ್ಮೆ ನ್ಯಾಯಾಲಯದ ಮೆಟ್ಟಿಲೇರಿತು. ನಮ್ಮಲ್ಲಿ 1997ರಲ್ಲಿ ಚೆನ್ನೈನಲ್ಲಿ ಆರಂಭವಾಗಿ ಕರ್ನಾಟಕದಲ್ಲಿಯೂ ಮಳಿಗೆಗಳನ್ನು ಹೊಂದಿದ್ದ ಸುಭಿಕ್ಷಾ, ಸುಮಾರು 1,600 ಮಳಿಗೆಗಳಷ್ಟು ಬೆಳೆದು, ಜೋಸ್ ಮುಚ್ಚಿದ ಅದೇ 2009ರಲ್ಲಿ ನಗದಿನ ಕೊರತೆಯಿಂದ ಸ್ತಬ್ಧವಾಯಿತು. ಸರಕು ಬೇರೆ, ದೇಶ ಬೇರೆ. ಕಾರಣ ಒಂದೇ ಜಾತಿಯದು.

ಇದಕ್ಕೆ ವ್ಯತಿರಿಕ್ತವಾಗಿ ಅದೇ ವಾಯವ್ಯ ಅಮೆರಿಕದ ಸಿಯಾಟಲ್‌ನಲ್ಲಿ 1938ರಲ್ಲಿ ಲಾಯ್ಡ್ ಮತ್ತು ಮೇರಿ ಆಂಡರ್ಸನ್ ದಂಪತಿಗಳು ಪರ್ವತಾರೋಹಿಗಳ ಸಹಕಾರ ಸಂಘವಾಗಿ ಆರಂಭಿಸಿದ ಆರ್.ಇ.ಐ. 2009ರ ಬಿರುಗಾಳಿಯನ್ನು ದಾಟಿತು. ಸದಸ್ಯರೇ ಮಾಲೀಕರಾದ ಸಂಸ್ಥೆಯನ್ನು ಸಾಲ ಮಾಡಿ ಕೊಳ್ಳುವವರಿಲ್ಲ. ಸಹಕಾರಿ ರೂಪವೇ ಅಭಯಹಸ್ತವೆಂದು ಇದರಿಂದ ತೀರ್ಮಾನಿಸಲಾಗದು. ಕೆನಡಾದ ಇಂಥದೇ ಸಹಕಾರಿ ಸಂಸ್ಥೆ ಮೌಂಟನ್ ಇಕ್ವಿಪ್‌ಮೆಂಟ್ ಕೋ-ಆಪ್ 2020ರಲ್ಲಿ ಸಾಲಿಗರಿಂದ ರಕ್ಷಣೆ ಕೋರಿ ಖಾಸಗಿಯವರಿಗೆ ಮಾರಾಟವಾಯಿತು. ಒಡೆತನದ ರೂಪಕ್ಕಿಂತ ಸಾಲದ ಪ್ರಮಾಣ ಮತ್ತು ದಾಸ್ತಾನಿನ ಶಿಸ್ತು ಹೆಚ್ಚು ನಿರ್ಣಾಯಕ.

ಸದಸ್ಯರು ಗಮನಿಸಬೇಕಾದ ಅಂಶಗಳು

1. ವ್ಯಾಪಾರದ ಸ್ವರೂಪ ಬದಲಾದಾಗ ಸಾಲದ ಮಿತಿಯನ್ನೂ ಹೊಸದಾಗಿ ನಿರ್ಧರಿಸಬೇಕು. ಹಳೆಯ ಲಾಭದ ಅಂತರವನ್ನು ನಂಬಿ ಹೊಸ ಸಾಲ ಮಾಡಬಾರದು.

2. ಹೊಸ ಮಳಿಗೆ ತೆರೆಯುವ ಮುನ್ನ, ಮಾರಾಟ ಶೇಕಡಾ 10 ಮತ್ತು 20 ಇಳಿದರೆ ಬಾಡಿಗೆ ಹಾಗೂ ಬಡ್ಡಿ ಕಟ್ಟಲು ಸಾಧ್ಯವೇ ಎಂಬ ಲೆಕ್ಕವನ್ನು ಕಾಗದದ ಮೇಲೆ ಮಾಡಿ ನೋಡಬೇಕು.

3. ಬಾಡಿಗೆ ಕರಾರಿನಲ್ಲಿ ಅವಧಿಗೆ ಮುನ್ನ ಹೊರಬರುವ ಷರತ್ತನ್ನು ಸಹಿ ಮಾಡುವ ಮೊದಲೇ ಕೇಳಬೇಕು.

4. ದೊಡ್ಡ ಸರಣಿಗಳಿಗೆ ಸರಬರಾಜು ಮಾಡುವವರು ಒಬ್ಬನೇ ಗ್ರಾಹಕನ ಬಾಕಿ ತಮ್ಮ ಸ್ವಂತ ಬಂಡವಾಳದ ಎಷ್ಟು ಭಾಗವೆಂಬುದನ್ನು ಪ್ರತಿ ತಿಂಗಳೂ ನೋಡುತ್ತಿರಬೇಕು. ಉತ್ಪಾದನೆ ಅಥವಾ ಸೇವಾ ವಲಯದ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ 2006ರ ಕಾಯ್ದೆಯ 45 ದಿನಗಳ ಗರಿಷ್ಠ ಮಿತಿ ಮತ್ತು ಚಕ್ರಬಡ್ಡಿಯ ಹಕ್ಕು ಇದೆ. ನೋಂದಣಿ ಮಾಡಿಸದೆ, ಬಿಲ್ಲಿನ ಮೇಲೆ ನಮೂದಿಸದೆ ಆ ಹಕ್ಕನ್ನು ಕೈಬಿಡಬಾರದು.

5. ರಫ್ತುದಾರರು ಇ.ಸಿ.ಜಿ.ಸಿ. ವಿಮೆಯ ಕಂತನ್ನು ವೃಥಾ ಖರ್ಚೆಂದು ಭಾವಿಸಬಾರದು. ಕನ್ಸೈನ್‌ಮೆಂಟ್ ಮೇಲೆ ಸರಕು ಕೊಡುವುದಾದರೆ ಆ ದೇಶದ ಕಾನೂನಿನಂತೆ ಹಕ್ಕಿನ ನೋಂದಣಿ ಆಗಿದೆಯೇ ಎಂದು ವಿಚಾರಿಸಬೇಕು. ಸರಕು ತಲುಪಿದ ದಿನದ ದಾಖಲೆಯನ್ನು ಜೋಪಾನವಾಗಿಡಬೇಕು.

6. ಗ್ರಾಹಕನ ಒಡೆತನ ಬದಲಾದ ಸುದ್ದಿ ಬಂದರೆ ಉದ್ದರಿಯ ಷರತ್ತುಗಳನ್ನು ಅಂದೇ ಮರುಪರಿಶೀಲಿಸಬೇಕು. ಹಳೆಯ ಹೆಸರಿನ ಮೇಲಿನ ವಿಶ್ವಾಸ ಹೊಸ ಸಾಲಕ್ಕೆ ಜಾಮೀನಲ್ಲ.

ಜಿ.ಐ. ಜೋಸ್‌ನ 1,600 ನೌಕರರಲ್ಲಿ ಯಾರೂ ಆ ಸಂಸ್ಥೆಯ ಸಾಲದ ಪತ್ರಕ್ಕೆ ಸಹಿ ಮಾಡಿದವರಲ್ಲ. ಅದರ ಕಪಾಟುಗಳಿಗೆ ಸರಕು ತುಂಬಿದ ಸಣ್ಣ ತಯಾರಕರೂ ಅಲ್ಲ. ಬೆಲೆ ತೆತ್ತವರಲ್ಲಿ ಅವರೂ ಇದ್ದರು. ಸಾಲ ಮಾಡುವ ಮಾಲೀಕ ತನ್ನ ಲಾಭವನ್ನು ಮಾತ್ರವಲ್ಲ, ತನ್ನನ್ನು ನಂಬಿದವರ ಸಂಬಳವನ್ನೂ ಬಾಕಿಯನ್ನೂ ಪಣಕ್ಕಿಡುತ್ತಾನೆ ಎಂಬ ಅರಿವು ನಮ್ಮ ಲೆಕ್ಕಪುಸ್ತಕಗಳ ಹಿಂದೆ ಸದಾ ಇರಬೇಕು.